ಫ್ಲೀಸ್ ಬಟ್ಟೆಯ ‘ನ್ಯಾಪ್’: ತುಪ್ಪಟವೇ, ನವಿರೇ?

ಮಾನ್ಯರೇ,

ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಗೆ ಬಂದು ನೆಲೆಸಿರುವ ಕೆಲವು ಹೆಣ್ಣುಮಕ್ಕಳಿಗೆ ನಾನು ಹೊಲಿಗೆ ಕಲಿಸುತ್ತಿದ್ದೇನೆ. ಇಲ್ಲಿನ ಡಿಸೆಂಬರ್ ಚಳಿಗೆ ಮಕ್ಕಳಿಗೊಂದು ಫ್ಲೀಸ್ ಜಾಕೀಟು ಹೊಲಿಯುವ ಪಾಠವನ್ನು ಕನ್ನಡದಲ್ಲಿ ಬರೆಯಲು ಕುಳಿತಾಗ ಎರಡು ಪದಗಳು ನನ್ನನ್ನು ತಡೆದವು.

ಮೊದಲನೆಯದು ಬಟ್ಟೆಯ ಹೆಸರು. ಇಂಗ್ಲಿಷಿನಲ್ಲಿ ಫ್ಲೀಸ್ ಎಂದರೆ ಮೂಲತಃ ಕುರಿಯ ಮೈಯಿಂದ ಕತ್ತರಿಸಿ ತೆಗೆದ ಉಣ್ಣೆ. ಅದಕ್ಕೆ ನಮ್ಮಲ್ಲಿ ತುಪ್ಪಟ ಎಂಬ ಪದವಿದೆ. ಆದರೆ ಈಗ ಅಂಗಡಿಯಲ್ಲಿ ಫ್ಲೀಸ್ ಎಂಬ ಹೆಸರಿನಿಂದ ಸಿಗುವುದು ಅಮೆರಿಕದ ಮಾಲ್ಡನ್ ಮಿಲ್ಸ್ ಕಂಪನಿ 1979ರಲ್ಲಿ ರೂಪಿಸಿದ ಬಗೆಯ ಬಟ್ಟೆ. ಪಾಲಿಯೆಸ್ಟರ್ ನೂಲಿನಿಂದ ಹೆಣೆದು, ತಂತಿಯ ಬ್ರಷ್ಷುಗಳಿಂದ ಮೇಲ್ಮೈಯನ್ನು ಕೆದರಿ ಎಬ್ಬಿಸಿ, ಆಮೇಲೆ ಸಮನಾಗಿ ಕತ್ತರಿಸಿ ಅದನ್ನು ಮಾಡುತ್ತಾರೆ. ನಾನು ಮೊದಲು ‘ಉಣ್ಣೆಬಟ್ಟೆ’ ಎಂದು ಬರೆದಿದ್ದೆ. ಅದನ್ನು ನಂಬಿ ಒಬ್ಬಾಕೆ ಉಣ್ಣೆಗೆ ಇಡುವ ಕಾವಿನಲ್ಲಿಯೇ ಇಸ್ತ್ರಿ ಒತ್ತಿದಾಗ ಬಟ್ಟೆ ಅಲ್ಲಿಗಲ್ಲಿಗೆ ಹೊಳಪುಗಟ್ಟಿ ಗಡುಸಾಯಿತು. ಆದ್ದರಿಂದ ‘ಫ್ಲೀಸ್’ ಎಂದೇ ಉಳಿಸಿಕೊಳ್ಳುವುದು ಸರಿ ಎಂಬುದು ನನ್ನ ಅಭಿಪ್ರಾಯ.

ಹೆಚ್ಚು ತೊಡಕಿನದು ‘ನ್ಯಾಪ್’, ಅಂದರೆ ಬಟ್ಟೆಯ ಮೇಲೆ ಹೀಗೆ ಎಬ್ಬಿಸಿದ ಎಳೆಗಳ ಪದರ. ಆ ಎಳೆಗಳು ಒಂದು ಕಡೆಗೆ ಸವರಿದರೆ ಮಲಗುತ್ತವೆ, ಎದುರಾಗಿ ಸವರಿದರೆ ಏಳುತ್ತವೆ. ಜಾಕೀಟಿನ ಮುಂಭಾಗವನ್ನು ಒಂದು ದಿಕ್ಕಿಗೆ, ತೋಳನ್ನು ಇನ್ನೊಂದು ದಿಕ್ಕಿಗೆ ಕತ್ತರಿಸಿದರೆ ಒಂದೇ ಥಾನಿನ ಬಟ್ಟೆಯಾದರೂ ಬೆಳಕಿನಲ್ಲಿ ಎರಡು ಬಣ್ಣದಂತೆ ಕಾಣುತ್ತದೆ. ಹೀಗಾಗಿ ಈ ಪದವಿಲ್ಲದೆ ಪಾಠ ಮುಂದುವರಿಯುವುದಿಲ್ಲ. ಮರಾಠಿಯಲ್ಲಿ ಮೈಮೇಲಿನ ಎಳೆಗೂದಲಿಗೂ ಮಖಮಲ್ಲಿನ ಮೇಲ್ಮೈಗೂ ‘ಲವ’ ಎಂಬ ಒಂದೇ ಪದ ಸಲ್ಲುತ್ತದೆ, ಮತ್ತು ಇಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಅದು ಸಹಜವಾಗಿಯೇ ಬರುತ್ತದೆ. ಕನ್ನಡದಲ್ಲಿ ಅದಕ್ಕೆ ಸಮೀಪದ್ದು ‘ನವಿರು’ ಎಂದು ನನಗೆ ತೋರುತ್ತದೆ. ಮೈ ನವಿರೇಳುತ್ತದೆ ಎನ್ನುವಾಗ ಏಳುವುದು ಕೂದಲೇ ಆದ್ದರಿಂದ, ‘ನವಿರೆಬ್ಬಿಸಿದ ಬಟ್ಟೆ’ ಎಂದರೆ ಬಟ್ಟೆ ತಯಾರಾಗುವ ಬಗೆಯೂ ಅದರಲ್ಲಿಯೇ ತಿಳಿಯುತ್ತದೆ. ಆದರೆ ಇಂದಿನ ಓದುಗರಿಗೆ ನವಿರು ಎಂದರೆ ನಾಜೂಕು ಎಂಬ ಅರ್ಥವೇ ಮುಂದಾಗುವುದರಿಂದ ‘ನವಿರಿನ ದಿಕ್ಕು’ ಗೊಂದಲ ಉಂಟುಮಾಡೀತೆಂಬ ಅಳುಕಿದೆ. ‘ತುಪ್ಪಟದ ದಿಕ್ಕು’ ಎಂದರೆ ಮತ್ತೆ ಕುರಿಯೇ ಕಣ್ಣ ಮುಂದೆ ಬರುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳು ‘ಅರಿವಿ ಜುಂಗು’ (ಅರಿವಿ ಎಂದರೆ ಬಟ್ಟೆ, ಜುಂಗು ಎಂದರೆ ನಾರು) ಎಂದಳು. ಕೇಳಲು ಚೆನ್ನಾಗಿದ್ದರೂ, ತೊಳೆದು ತೊಳೆದು ಬಟ್ಟೆಯ ಮೇಲೆ ಉಂಡೆಗಟ್ಟುವ ಎಳೆಗಳಿಗೆ ಅದು ಹೆಚ್ಚು ಒಪ್ಪುತ್ತದೆ.

ಚಳ್ಳಕೆರೆ ಸೀಮೆಯ ಕಂಬಳಿ ನೇಯುವವರಲ್ಲಿ, ಅಥವಾ ನಿಮ್ಮೂರಿನ ದರ್ಜಿಗಳಲ್ಲಿ, ಬಟ್ಟೆಯ ಮೇಲೆದ್ದ ಕೂದಲಿಗೂ ಅದು ಮಲಗುವ ದಿಕ್ಕಿಗೂ ಬೇರೆ ಪದ ಬಳಕೆಯಲ್ಲಿದೆಯೇ? ಇಲ್ಲವಾದರೆ, ‘ನವಿರು ಕೆಳಮುಖವಾಗಿ ಮಲಗುವಂತೆ ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿನಲ್ಲಿ ಕತ್ತರಿಸಿ’ ಎಂಬ ವಾಕ್ಯ ಹೊಲಿಗೆ ಬಲ್ಲವರಿಗೆ ಮೊದಲ ಓದಿಗೇ ಅರ್ಥವಾಗುತ್ತದೆಯೇ ಎಂಬುದನ್ನಾದರೂ ದಯವಿಟ್ಟು ತಿಳಿಸಬೇಕು.