ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಶುರುವಾಗಿ ವರ್ಷ ದಾಟಿದರೂ ಅಣ್ಣನ ತೂಕ ಏರುತ್ತಿಲ್ಲ, ಏನು ಮಾಡಲಿ?

ಮುಧೋಳದ ತಂಗಿ:
ನಮಸ್ಕಾರ. ಅಣ್ಣನಿಗೆ 38 ವರ್ಷ. 14 ತಿಂಗಳಿಂದ ಎಆರ್‌ಟಿ ಮೇಲಿದ್ದಾನೆ. ದಿನಕ್ಕೊಂದು ಮಾತ್ರೆ, ಟಿಎಲ್‌ಡಿ ಅಂತಾರಲ್ಲ, ಅದು. ಶುರು ಮಾಡುವಾಗ 41 ಕೆಜಿ ಇದ್ದ. ನಾಲ್ಕು ತಿಂಗಳಲ್ಲಿ 46ಕ್ಕೆ ಬಂದ, ನಮಗೆಲ್ಲ ಹೋದ ಜೀವ ಬಂದಂತಾಗಿತ್ತು. ಈಗ ಮತ್ತೆ 43. ಎತ್ತರ 165 ಸೆಂ.ಮೀ. ಕಬ್ಬು ಕಡಿಯುವ ಕೆಲಸ, ನಸುಕಿನಲ್ಲೇ ಹೋಗುತ್ತಾನೆ. ಊರಲ್ಲಿ ಯಾರೋ 900 ರೂಪಾಯಿಯ ಪ್ರೋಟೀನ್ ಪುಡಿ ಡಬ್ಬಿ ತರಿಸಿ ಅಂದರು. ಸಾಲ ಮಾಡಿಯಾದರೂ ತರುತ್ತೇನೆ, ಆದರೆ ಅದರಿಂದ ತೂಕ ಬರುತ್ತದಾ? ದಯವಿಟ್ಟು ಗೊತ್ತಿದ್ದವರು ಹೇಳಿ.

ಹಳೇ ಪೇಷಂಟ್:
ತಂಗಿ, ಪುಡಿ ಆಮೇಲೆ ನೋಡೋಣ. ಏರಿದ ತೂಕ ಇಳಿದಿದೆ ಅಂದರೆ ಮೊದಲು ಟಿಬಿ ಇದೆಯಾ ನೋಡಿಸಬೇಕು. ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಈ ನಾಲ್ಕರಲ್ಲಿ ಒಂದಿದ್ದರೂ ಸಾಕು, ಕಫ ಪರೀಕ್ಷೆ ಮಾಡಿ ಅಂತ ಕೇಳಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಿಲ್ಲ. ನನಗೆ ಕೆಮ್ಮೇ ಇರಲಿಲ್ಲ, ಬರೀ ತೂಕ ಇಳಿಯುತ್ತಿತ್ತು, "ಸರಿಯಾಗಿ ಊಟ ಮಾಡು" ಅಂತ ಎರಡು ತಿಂಗಳು ಮನೆಯವರಿಂದ ಬೈಸಿಕೊಂಡೆ, ಕೊನೆಗೆ ನೋಡಿದರೆ ಕುತ್ತಿಗೆ ಗಂಟಿನಲ್ಲಿ ಟಿಬಿ. ಹಾಗೇ ಅಣ್ಣನ ಬಾಯಿ ತೆರೆಸಿ ನೋಡಿ. ನಾಲಿಗೆ ಮೇಲೆ ಬಿಳಿ ಪದರ, ಹುಣ್ಣು ಇದ್ದರೆ ನುಂಗಲು ನೋವಾಗುತ್ತದೆ. ಗಂಡಸರು ಇದನ್ನೆಲ್ಲ ಹೇಳುವುದಿಲ್ಲ, ಹಸಿವಿಲ್ಲ ಅಂತ ಎದ್ದುಬಿಡುತ್ತಾರೆ.

ಆಪ್ತ ಸಮಾಲೋಚಕಿ:
ನಾನು ಇದೇ ಕೆಲಸದಲ್ಲಿರುವವಳು. ನೀವು ಕೊಟ್ಟ ಲೆಕ್ಕದಲ್ಲಿ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 16ಕ್ಕಿಂತ ಕಡಿಮೆ ಬರುತ್ತದೆ. 18.5 ಆದರೂ ಇರಬೇಕು. 16ರ ಕೆಳಗೆ ಅಂದರೆ ತೀವ್ರ ಅಪೌಷ್ಟಿಕತೆ, ಮುಂದಿನ ತಾರೀಖಿನವರೆಗೆ ಕಾಯಬೇಡಿ, ಈ ವಾರವೇ ಕರೆದುಕೊಂಡು ಹೋಗಿ. ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಪರೀಕ್ಷೆ, ಎಷ್ಟು ಬಂದಿತ್ತು ಕೇಳಿ. ಎಆರ್‌ಟಿ ಶುರುವಾದ 6ನೇ ತಿಂಗಳಲ್ಲಿ ಒಮ್ಮೆ, 12ನೇ ತಿಂಗಳಲ್ಲಿ ಒಮ್ಮೆ ಆಗಿರಬೇಕು.

ಇನ್ನೊಂದು ಮಾತು, ಬೇಜಾರಾಗಬೇಡಿ. ನಸುಕಿಗೆ ಹೋಗುವವರು ಮಾತ್ರೆ ಯಾವಾಗ ನುಂಗುತ್ತಾರೆ? "ಊಟ ಮಾಡಿಯೇ ತಗೋಬೇಕು" ಅಂತ ತಲೆಯಲ್ಲಿ ಕೂತಿರುತ್ತದೆ, ಬೆಳಿಗ್ಗೆ ಹೊಟ್ಟೆಗೆ ಏನೂ ಇರುವುದಿಲ್ಲ, ಹಾಗಾಗಿ ಅವತ್ತು ಮಾತ್ರೆಯೂ ಇಲ್ಲ. ಇದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಟಿಎಲ್‌ಡಿಯನ್ನು ಖಾಲಿ ಹೊಟ್ಟೆಯಲ್ಲೂ ನುಂಗಬಹುದು. ಉಣ್ಣಲಿಲ್ಲ ಅಂತ ಬಿಡುವುದು ಬೇಡವೇ ಬೇಡ. ಬೈದು ಕೇಳಬೇಡಿ, ಡಬ್ಬಿಯಲ್ಲಿ ಎಷ್ಟು ಉಳಿದಿದೆ ಎಣಿಸಿ ನೋಡಿ.

ಗ್ಯಾಸ್‌ಗೆ ಕುಡಿಯುವ ಔಷಧಿ ಇದ್ದರೆ ಟಿಎಲ್‌ಡಿ ಜೊತೆ ಬೇಡ, ಮೈಗೆ ಸರಿಯಾಗಿ ಹತ್ತುವುದಿಲ್ಲ. ಟಿಎಲ್‌ಡಿ ನುಂಗಿ 2 ಗಂಟೆ ಆದ ಮೇಲೆ ಅದನ್ನು ಕುಡಿಯಲಿ. ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗೂ ಅಷ್ಟೇ ಅಂತರ ಇರಲಿ, ಇಲ್ಲವೇ ಊಟದ ಜೊತೆ ಟಿಎಲ್‌ಡಿ ಮತ್ತು ಅದನ್ನು ಒಟ್ಟಿಗೆ ತಗೊಳ್ಳಲಿ.

ಮುಧೋಳದ ತಂಗಿ:
ಅಕ್ಕಾ, ಎಣಿಸಿದೆ. ಎರಡು ತಿಂಗಳ ಲೆಕ್ಕದಲ್ಲಿ 19 ಜಾಸ್ತಿ ಉಳಿದಿವೆ. ಕೇಳಿದ್ದಕ್ಕೆ ಅತ್ತುಬಿಟ್ಟ. ಬುತ್ತಿ ಇಲ್ಲದ ದಿನ ಬಿಟ್ಟಿದ್ದಾನಂತೆ. ಇಷ್ಟು ದಿನ ನಮಗೆ ಯಾರಿಗೂ ಹೊಳೆಯಲೇ ಇಲ್ಲ. ಸೋಮವಾರ ಹೋಗುತ್ತೇವೆ. ಊಟಕ್ಕೆ ಏನು ಕೊಡಲಿ?

ರೊಟ್ಟಿ ಬುತ್ತಿ:
900 ರೂಪಾಯಿ ಡಬ್ಬಿಗೆ ಹಾಕಬೇಡಿ. ಆ ದುಡ್ಡಿಗೆ ಶೇಂಗಾ, ಮೊಟ್ಟೆ, ಹೆಸರುಕಾಳು ಎಷ್ಟು ಬರುತ್ತವೆ ನೋಡಿ. ಎಚ್‌ಐವಿ ಇರುವವರಿಗೆ ಬೇರೆ ತೊಂದರೆ ಇಲ್ಲದಿದ್ದರೂ ಶೇ. 10ರಷ್ಟು ಜಾಸ್ತಿ ಆಹಾರ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕಾಯಿಲೆ ಬಿದ್ದಾಗ, ಚೇತರಿಸಿಕೊಳ್ಳುವಾಗ ಶೇ. 20ರಿಂದ 30. ಮೊದಲಿನ ಶೇ. 10 ಅಂದರೆ ದಿನಕ್ಕೆ ಒಂದು ಹಿಡಿ ಶೇಂಗಾ, ಅಷ್ಟೇ. ನಿಮ್ಮ ಅಣ್ಣ ಕಬ್ಬು ಕಡಿಯುವವರು, ಅದಕ್ಕೆ ಖರ್ಚಾಗುವ ಶಕ್ತಿ ಬೇರೆ. ನಸುಕಿಗೆ ಅಡುಗೆ ಆಗದಿದ್ದರೆ ರಾತ್ರಿಯೇ ಎರಡು ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಒಂದು ಬೆಲ್ಲದ ತುಂಡು ಕಟ್ಟಿಡಿ, ಕೆಡುವುದಿಲ್ಲ. ಬಾಯಿ ಹುಣ್ಣಿದ್ದರೆ ಖಾರದ ಹಿಂಡಿ ಬೇಡ, ಹಾಲು ಹಾಕಿದ ರಾಗಿ ಅಂಬಲಿ ಕೊಡಿ. ಒಮ್ಮೆಲೇ ತುಂಬಿಸಬೇಡಿ, ಸ್ವಲ್ಪ ಸ್ವಲ್ಪ ಐದಾರು ಸಲ.

ಆಪ್ತ ಸಮಾಲೋಚಕಿ:
ತಂಗಿ, ಕೇಳಿದ್ದು ಒಳ್ಳೆಯದಾಯಿತು. ನಿಮ್ಮದು ಬಿಪಿಎಲ್ ಕಾರ್ಡಾ? ಎಚ್‌ಐವಿ ಇರುವವರ ಬಡ ಕುಟುಂಬಗಳನ್ನು ಅಂತ್ಯೋದಯಕ್ಕೆ ಸೇರಿಸಬೇಕು ಅಂತ 2009ರಲ್ಲೇ ಕೇಂದ್ರದಿಂದ ಸೂಚನೆ ಆಗಿದೆ. ಅಂತ್ಯೋದಯಕ್ಕೆ ತಿಂಗಳಿಗೆ 35 ಕೆಜಿ ಧಾನ್ಯ. ಊರಿಗೆಲ್ಲ ಗೊತ್ತಾಗುತ್ತದೆ ಅಂತ ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ, ಆ ಭಯ ನನಗೆ ಅರ್ಥವಾಗುತ್ತದೆ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ದಾಖಲೆ ಗುಟ್ಟಾಗಿ ಇಡಬೇಕು, ಅರ್ಜಿ ಕೊಡುವಾಗಲೇ ಇದನ್ನು ಬಾಯಿಬಿಟ್ಟು ಹೇಳಿ. ಟಿಬಿ ಅಂತ ಬಂದರೆ ಚಿಕಿತ್ಸೆ ಮುಗಿಯುವವರೆಗೆ ಟಿಬಿ ರೋಗಿಗಳ ಊಟಕ್ಕೆ ಸರ್ಕಾರ ಹಣ ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಬ್ಯಾಂಕಿಗೆ ಬರುತ್ತದೆ, ಅಣ್ಣನ ಪಾಸ್‌ಬುಕ್ ಸೋಮವಾರವೇ ಜೊತೆಗೆ ಒಯ್ಯಿರಿ. ಉಳಿದ ಆ 19 ಮಾತ್ರೆಗಳನ್ನೂ ತಗೊಂಡು ಹೋಗಿ, ಮುಚ್ಚಿಡಬೇಡಿ. ಮಧ್ಯದಲ್ಲಿ ಏನಾದರೂ ಕೇಳಬೇಕಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಉಚಿತ.