ಮೇಲೆ ಐಸ್ ಗಟ್ಟಿ, ಕೆಳಗೆ ಹಿಟ್ಟು ಹುಳಿ: ಗ್ಯಾಸ್ ತುಂಬಿಸಬೇಕಾ?

ವಿಜಯನಗರದಿಂದ: ನಮ್ಮದು ಡಬಲ್ ಡೋರ್ ಫ್ರಿಜ್. ಫ್ರೀಜರ್‌ನಲ್ಲಿ ಐಸ್ ಚೆನ್ನಾಗೇ ಕಟ್ಟುತ್ತೆ, ಕೆಳಗಡೆ ಮಾತ್ರ ತಂಪೇ ಇಲ್ಲ. ಬೆಳಿಗ್ಗೆ ಇಟ್ಟ ದೋಸೆ ಹಿಟ್ಟು ಸಂಜೆಗೆ ಉಕ್ಕಿರುತ್ತೆ. ರಿಪೇರಿಯವರು ‘ಗ್ಯಾಸ್ ಹೋಗಿದೆ’ ಅಂತಿದ್ದಾರೆ. ಯಾರಿಗಾದ್ರೂ ಹೀಗಾಗಿದ್ಯಾ?

ಬಸವನಗುಡಿಯಿಂದ: ದುಡ್ಡು ಕೊಡೋ ಮುಂಚೆ ಸ್ವಲ್ಪ ತಡೀರಿ. ಇಂಥ ಫ್ರಿಜ್‌ಗಳಲ್ಲಿ ಸಾಮಾನ್ಯವಾಗಿ ಕೆಳಗಡೆಗೆ ಬೇರೆ ಕಾಯಿಲ್ ಇರಲ್ಲ. ಫ್ರೀಜರ್‌ನ ಹಿಂದಿನ ಹಲಗೆಯ ಒಳಗಡೆ ಒಂದೇ ಕಾಯಿಲ್. ಅದರೊಳಗೆ ಗ್ಯಾಸ್ ಆವಿಯಾಗುತ್ತಾ ಶಾಖ ಹೀರುತ್ತೆ, ಕಂಪ್ರೆಸರ್ ಅದನ್ನ ಒತ್ತಿ ಆ ಶಾಖವನ್ನ ಫ್ರಿಜ್‌ನ ಹೊರಮೈಗೆ ಬಿಡಿಸುತ್ತೆ. ತಂಪಾದ ಗಾಳಿಯನ್ನ ಫ್ಯಾನ್ ಒಂದಷ್ಟು ಫ್ರೀಜರ್‌ಗೆ, ಒಂದಷ್ಟು ಡಕ್ಟ್‌ನಲ್ಲಿ ಕೆಳಗೆ ದೂಡುತ್ತೆ. ಗ್ಯಾಸ್ ಕಮ್ಮಿಯಾದ್ರೆ ಫ್ರೀಜರ್ರೂ ಸೊರಗಬೇಕು, ಐಸ್‌ಕ್ರೀಂ ಮೆತ್ತಗಾಗಬೇಕು. ನಿಮ್ಮಲ್ಲಿ ತಂಪು ಹುಟ್ತಾ ಇದೆ, ಕೆಳಗೆ ಇಳೀತಿಲ್ಲ.

ನಮ್ಮನೇಲೂ ಮಳೆಗಾಲದಲ್ಲಿ ಇದೇ ಆಗಿತ್ತು. ಬಾಗಿಲು ತೆಗೆದಾಗಲೆಲ್ಲ ಒಳಹೋಗೋ ತೇವ ಕಾಯಿಲ್ ಮೇಲೆ ಮಂಜಾಗಿ ಕೂರುತ್ತೆ. ಅದನ್ನ ಆಗಾಗ ಕರಗಿಸೋಕೆ ಅಂತಲೇ ಒಂದು ಹೀಟರ್ ಇದೆ, ಕರಗಿದ ನೀರು ಕಂಪ್ರೆಸರ್ ಹತ್ರದ ಟ್ರೇಗೆ ಇಳಿದು ಆರಿಹೋಗುತ್ತೆ. ಹೀಟರ್ರೋ ಸೆನ್ಸರ್ರೋ ಕೆಟ್ಟರೆ ಮಂಜು ಬೆಳೀತಾನೇ ಹೋಗುತ್ತೆ. ಹಲಗೆ ಬಿಚ್ಚಿದಾಗ ಕಾಯಿಲ್ಲೇ ಕಾಣ್ಲಿಲ್ಲ, ಬರೀ ಬಿಳೀ ಗಡ್ಡೆ. ಫ್ಯಾನ್ ರೆಕ್ಕೆ ಅದಕ್ಕೆ ತಾಗಿ ಟಕಟಕ ಅಂತಿತ್ತು. ಹೀಟರ್ ಬದಲಾಯಿಸಿದ ಮೇಲೆ ಸರಿಹೋಯ್ತು, ಗ್ಯಾಸ್ ಮುಟ್ಟಲೇ ಇಲ್ಲ.

ನೀವೂ ಪ್ಲಗ್ ಕಿತ್ತು, ಬಾಗಿಲು ತೆರೆದು, ಕೆಳಗೆ ಹಳೇ ಟವೆಲ್ ಹಾಸಿ ಇಡೀ ಒಂದು ದಿನ ಬಿಡಿ. ಆಮೇಲೆ ಕೆಲವು ದಿನ ಚೆನ್ನಾಗಿ ನಡೆದು ಮತ್ತೆ ಕೈಕೊಟ್ರೆ ಮಂಜು ಕರಗಿಸೋ ಭಾಗದ್ದೇ ತೊಂದರೆ ಅಂತ ಬಹುಮಟ್ಟಿಗೆ ಹೇಳಬಹುದು. ಚಾಕು ಹಾಕಿ ಐಸ್ ಕೀಳೋಕೆ ಮಾತ್ರ ಹೋಗ್ಬೇಡಿ, ಕಾಯಿಲ್ ತೂತಾದ್ರೆ ಆಗ ನಿಜವಾಗ್ಲೂ ಗ್ಯಾಸ್ ಹೋಗುತ್ತೆ.

ಮಲ್ಲೇಶ್ವರದಿಂದ: ಅದಕ್ಕೂ ಮೊದಲು ಫ್ರೀಜರ್ ಒಳಗಿನ ಗಾಳಿಕಂಡಿ ನೋಡಿ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಕವರ್‌ಗಳನ್ನ ಹಿಂದಿನ ಗೋಡೆಗೆ ಒತ್ತಿ ತುಂಬಿದ್ರೆ ಕೆಳಗೆ ಗಾಳಿ ಬರೋದೇ ಇಲ್ಲ.

ರಾಜಾಜಿನಗರದಿಂದ: ಗ್ಯಾಸ್ ಬಳಸಿದಂಗೆಲ್ಲ ಖರ್ಚಾಗೋ ವಸ್ತುವಲ್ಲ, ಮುಚ್ಚಿದ ಕೊಳವೆಯಲ್ಲೇ ಸುತ್ತುತ್ತೆ. ಹೋಗಿದೆ ಅಂದ್ರೆ ಲೀಕ್ ಎಲ್ಲಿ ಅಂತ ತೋರಿಸೋಕೆ ಹೇಳಿ. ಹಾಗೇ ತುಂಬಿಸಿದ್ರೆ ಮತ್ತೆ ಹೋಗುತ್ತೆ. ಫ್ರಿಜ್ ಸ್ಟಿಕ್ಕರ್ ಮೇಲೆ ಆರ್-600ಎ ಅಂತಿದ್ರೆ ಅದು ಐಸೋಬ್ಯುಟೇನ್, ಬೆಂಕಿ ಹೊತ್ತಿಕೊಳ್ಳೋ ಗ್ಯಾಸು. ಕೆಲಸ ಗೊತ್ತಿರೋರ ಕೈಲೇ ಮಾಡಿಸಿ, ಒಲೆ ಆರಿಸಿ ಕಿಟಕಿ ತೆಗೆದಿಡಿ.