ಪದಚರ್ಚೆ: ಡಿಆರ್‌ಎಂ, ಎಚ್‌ಡಿಸಿಪಿ ಎರಡಕ್ಕೂ ‘ನಕಲು ರಕ್ಷಣೆ’ ಎಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ವಿಡಿಯೊ ಪ್ಲೇಯರ್ ಒಂದರ ಸಹಾಯ ಪುಟ ಕನ್ನಡಕ್ಕೆ ಬರುತ್ತಿದೆ. ದುಡ್ಡು ಕಟ್ಟಿದ ಮೇಲೂ ಕಂಪ್ಯೂಟರಿನಲ್ಲಿ 4ಕೆ ಸಿನಿಮಾ 4ಕೆಯಾಗಿ ಏಕೆ ಕಾಣುವುದಿಲ್ಲ ಎಂದು ವಿವರಿಸುವ ಭಾಗ ತೊಡಕಾಗಿದೆ. ಕರಡಿನಲ್ಲಿರುವ ಸಂದೇಶ ಹೀಗಿದೆ:

“ನಿಮ್ಮ ಯಂತ್ರಾಂಶವು ಪ್ರತಿರಕ್ಷಣೆಯನ್ನು ಬೆಂಬಲಿಸುವುದಿಲ್ಲ. ಕೈಕುಲುಕುವಿಕೆ ವಿಫಲವಾಗಿದೆ. ನಿರ್ಣಯವನ್ನು ಇಳಿಸಲಾಗಿದೆ. ದಯವಿಟ್ಟು ನವೀಕರಿಸಿ.”

ಕಾಪಿ ಪ್ರೊಟೆಕ್ಷನ್‌ಗೆ ‘ನಕಲು ರಕ್ಷಣೆ’ ಸರಿಯೇ? ಸಿನಿಮಾ ನಕಲಾಗದಂತೆ ತಡೆಯುವ ಡಿಆರ್‌ಎಂ ಮತ್ತು ಎಚ್‌ಡಿಸಿಪಿ ಎಂಬ ಎರಡು ತಂತ್ರಗಳಿಗೂ ಅದೊಂದೇ ಪದ ನಡೆದೀತೇ? ಚಿತ್ರ ಕಳಿಸುವ ಮುನ್ನ ಒಂದು ಸಾಧನ ಇನ್ನೊಂದನ್ನು ಪರಿಶೀಲಿಸುವ ಹ್ಯಾಂಡ್‌ಶೇಕ್‌ಗೆ ಏನನ್ನಬೇಕು? ಗೂಢಲಿಪಿ ಬಿಡಿಸುವ ಕೀ ಎಂಬುದಕ್ಕೆ ಕೆಲವರು ‘ಕೀಲಿ’ ಎಂದೂ ಕೆಲವರು ‘ಬೀಗದ ಕೈ’ ಎಂದೂ ತಿದ್ದಿದ್ದಾರೆ. ಬಲ್ಲವರು ತಿಳಿಸಬೇಕು.

ಉತ್ತರ:

ಪ್ರತಿರಕ್ಷಣೆ ಬೇಡವೇ ಬೇಡ. ಅದು ಲಸಿಕೆಗೆ, ರೋಗನಿರೋಧಕ ಶಕ್ತಿಗೆ ಸೇರಿದ ಮಾತು. ಬಿಡಿಸಿ ‘ಪ್ರತಿ ರಕ್ಷಣೆ’ ಎಂದು ಬರೆದರೂ ಕಣ್ಣು ಕೂಡಿಸಿಕೊಂಡೇ ಓದುತ್ತದೆ. ‘ನಿರ್ಣಯ’ ಸಭೆಯಲ್ಲಿ ಅಂಗೀಕಾರವಾಗುವಂಥದು. ಇಲ್ಲಿ ‘ರೆಸಲ್ಯೂಷನ್’ ಎಂದೇ ಇರಲಿ, ಮೊದಲ ಸಲ ಬಂದಾಗ 3840 × 2160 ಚುಕ್ಕಿ ಎಂದು ಬಿಡಿಸಿ ಹೇಳಿ. ‘ಇಳಿಸು’ ಈಗಾಗಲೇ ಡೌನ್‌ಲೋಡ್‌ಗೆ ರೂಢಿಯಾಗಿರುವುದರಿಂದ ‘ತಗ್ಗಿಸು’ ವಾಸಿ.

‘ನಕಲು ರಕ್ಷಣೆ’ಯಲ್ಲಿರುವ ದೋಷ ಸಮಾಸದ್ದು. ಪರಿಸರ ರಕ್ಷಣೆ ಎಂದರೆ ಪರಿಸರವನ್ನು ಕಾಪಾಡುವುದು. ಹಾಗೆಯೇ ನಕಲು ರಕ್ಷಣೆ ಎಂದರೆ ನಕಲನ್ನು ಕಾಪಾಡುವುದು ಎಂದಾಗುತ್ತದೆ. ‘ನಕಲು ತಡೆ’ ಎಂದರೆ ಅರ್ಥ ನೇರ. ಆದರೂ ಅದನ್ನು ಶೀರ್ಷಿಕೆಯಲ್ಲಷ್ಟೇ ಇಡಿ, ದೋಷಸಂದೇಶದಲ್ಲಿ ಬೇಡ. ತಾಲ್ಲೂಕು ಕಚೇರಿಯಲ್ಲಿ ನಕಲು ಎಂದರೆ ಬರೀ ಪ್ರತಿ. ಪರೀಕ್ಷಾ ಕೊಠಡಿಯಲ್ಲಿ ಅದೇ ಪದ ಅಪರಾಧ. ಹಳೆಯ ಮಾನಿಟರ್ ಜೋಡಿಸಿಕೊಂಡು, ಚಂದಾ ಕಟ್ಟಿ ಸಿನಿಮಾ ನೋಡುತ್ತಿರುವವರ ಮುಂದೆ ಆ ಪದ ತಂದರೆ ಅವರ ಮೇಲೆ ಗುಮಾನಿ ಹೊರಿಸಿದಂತೆ.

ಇನ್ನು ಒಂದೇ ಪದ ಸಾಕೇ ಎಂಬುದು. ಸಾಲದು, ಇವು ಬೇರೆ ಬೇರೆ ಕಡೆ ನಡೆಯುವ ಎರಡು ಕೆಲಸ. ಚಿತ್ರ ಗೂಢಲಿಪಿಯಲ್ಲಿ ಮನೆಗೆ ಬರುತ್ತದೆ. ಅದನ್ನು ಬಿಡಿಸುವ ಕೀಲಿಕೈ ಪರವಾನಗಿ ಸರ್ವರ್‌ನಿಂದ ಬರುತ್ತದೆ. ಯಾವ ಸಾಧನದಲ್ಲಿ, ಎಷ್ಟು ರೆಸಲ್ಯೂಷನ್‌ವರೆಗೆ ಎಂಬ ಷರತ್ತು ಆ ಪರವಾನಗಿಯಲ್ಲಿರುತ್ತದೆ. ಇದು ಡಿಆರ್‌ಎಂ. ‘ಡಿಜಿಟಲ್ ಹಕ್ಕು ನಿರ್ವಹಣೆ’ ಎಂಬುದು ಬಳಕೆಯಲ್ಲಿದ್ದರೂ ಯಾರ ಹಕ್ಕು ಎಂಬುದನ್ನು ಅದು ಹೇಳುವುದಿಲ್ಲ. ‘ಪರವಾನಗಿ ನಿಯಂತ್ರಣ’ ಎಂದರೆ ಕೆಲಸ ತಿಳಿಯುತ್ತದೆ. ಗೂಢಲಿಪಿ ಬಿಡಿಸಿ, ಡಿಕೋಡ್ ಆದ (ಕುಗ್ಗಿಸಿದ್ದನ್ನು ಬಿಚ್ಚಿದ) ಚಿತ್ರ ಗ್ರಾಫಿಕ್ಸ್ ಕಾರ್ಡಿನಿಂದ ಮಾನಿಟರಿಗೆ ಹೋಗುವಾಗ ಮತ್ತೊಮ್ಮೆ ಗೂಢಲಿಪಿಗೆ ತಿರುಗುತ್ತದಲ್ಲ, ಅದು ಎಚ್‌ಡಿಸಿಪಿ. ಇದಕ್ಕೆ ‘ಕೇಬಲ್ ಕಾವಲು’ ಎನ್ನಬಹುದೆಂದು ನನ್ನ ಸೂಚನೆ.

ಡಿಆರ್‌ಎಂನಲ್ಲೇ ಇನ್ನೊಂದು ಎಡವುವ ಜಾಗವಿದೆ. ಗೂಗಲ್‌ನ ವೈಡ್‌ವೈನ್‌ನಲ್ಲಿ ಎಲ್1, ಎಲ್2, ಎಲ್3 ಎಂಬ ವಿಂಗಡಣೆಯುಂಟು. ಎಲ್1ರಲ್ಲಿ ಗೂಢಲಿಪಿ ಬಿಡಿಸುವುದೂ ಚಿತ್ರ ಸಂಸ್ಕರಿಸುವುದೂ ಚಿಪ್‌ನ ಭದ್ರ ಭಾಗದೊಳಗೇ ಆಗಬೇಕು. ಎಲ್3ರಲ್ಲಿ ಎಲ್ಲವೂ ಸಾಫ್ಟ್‌ವೇರ್‌ನಲ್ಲೇ. ಎಂದರೆ 1 ಎಲ್ಲಕ್ಕಿಂತ ಮೇಲಿನದು. ಮೈಕ್ರೋಸಾಫ್ಟ್‌ನ ಪ್ಲೇರೆಡಿಯಲ್ಲಿ ತಿರುಗುಮುರುಗು: ಎಸ್‌ಎಲ್2000ಕ್ಕಿಂತ ಹಾರ್ಡ್‌ವೇರ್ ಬೇಡುವ ಎಸ್‌ಎಲ್3000 ಮೇಲು. ಎರಡಕ್ಕೂ ‘ಭದ್ರತಾ ಮಟ್ಟ’ ಎಂದರೆ ಮಟ್ಟ 1 ಎಂಬುದು ಕೆಳಗಿನ ಮೆಟ್ಟಿಲಿನಂತೆ ಕೇಳಿಸುತ್ತದೆ. ನಮ್ಮಲ್ಲಿ ಪ್ರಥಮ ದರ್ಜೆ ಸಹಾಯಕರು ದ್ವಿತೀಯ ದರ್ಜೆಯವರಿಗಿಂತ ಮೇಲೆಂದು ಎಲ್ಲರಿಗೂ ಗೊತ್ತು. ಹಾಗಾಗಿ ವೈಡ್‌ವೈನ್‌ಗೆ ‘ದರ್ಜೆ’, ಪ್ಲೇರೆಡಿಗೆ ‘ಮಟ್ಟ’ ಎಂದು ಬೇರೆ ಮಾಡಿ. ವಿವರಣೆಯೇ ಬೇಕಾಗುವುದಿಲ್ಲ.

ಹ್ಯಾಂಡ್‌ಶೇಕ್‌ಗೆ ‘ತಾಳೆ’. ಲೆಕ್ಕ ತಾಳೆ ನೋಡುತ್ತೇವೆ, ಸಹಿ ತಾಳೆ ನೋಡುತ್ತೇವೆ. ಎಚ್‌ಡಿಸಿಪಿಯ 2.2 ಆವೃತ್ತಿಯಲ್ಲಿ ಆಗುವುದೂ ಅದೇ: ಎದುರಿನ ಸಾಧನದ ಪ್ರಮಾಣಪತ್ರ ಅಸಲಿಯೇ, ಅದು ರದ್ದಾದವುಗಳ ಪಟ್ಟಿಯಲ್ಲಿದೆಯೇ, ಕೇಳಿದ್ದಕ್ಕೆ 20 ಮಿಲಿಸೆಕೆಂಡಿನೊಳಗೆ ಉತ್ತರ ಬಂತೇ ಎಂದು ನೋಡುತ್ತದೆ. ಕೊನೆಯದು ಸಾಧನ ನಿಜಕ್ಕೂ ಹತ್ತಿರದಲ್ಲಿದೆ ಎಂಬ ಖಾತರಿಗೆ. ‘ಕೈಕುಲುಕುವಿಕೆ’ಯಲ್ಲಿ ಈ ಪರೀಕ್ಷೆಯ ಸುಳಿವೇ ಇಲ್ಲ.

ಕೀ ಎಂಬುದಕ್ಕೆ ‘ಕೀಲಿಕೈ’. ಧಾರವಾಡದ ಕಡೆ ‘ಕೀಲಿ ಹಾಕು’ ಎಂದರೆ ಬೀಗ ಹಾಕು ಎಂದರ್ಥ. ಮೈಸೂರಿನ ಕಡೆಯವರಿಗೆ ಬೀಗ ಮತ್ತು ಬೀಗದ ಕೈ ರೂಢಿ. 2010ರ ಸೆಪ್ಟೆಂಬರಿನಲ್ಲಿ ಎಚ್‌ಡಿಸಿಪಿ 1.x ಆವೃತ್ತಿಗಳ ಮಾಸ್ಟರ್ ಕೀ ಬಯಲಾಗಿ, ಅದು ಅಸಲಿ ಎಂದು ಎಚ್‌ಡಿಸಿಪಿ ರೂಪಿಸಿದ ಇಂಟೆಲ್ ಒಪ್ಪಿತು. ಇದನ್ನು ‘ಮೂಲ ಕೀಲಿ ಬಯಲಾಯಿತು’ ಎಂದು ಬರೆದರೆ ಹುಬ್ಬಳ್ಳಿಯ ಓದುಗರಿಗೆ ಬೀಗವೇ ಕಣ್ಣಮುಂದೆ ಬರುತ್ತದೆ. ‘ಮೂಲ ಕೀಲಿಕೈ’ ಎಂದರೆ ಎರಡೂ ಕಡೆ ಗೊಂದಲವಿಲ್ಲ. ಆ ಆವೃತ್ತಿಗಳಲ್ಲಿ ಪ್ರತಿ ಸಾಧನಕ್ಕೂ 56 ಬಿಟ್‌ಗಳ 40 ಕೀಲಿಕೈಗಳು, ಎಲ್ಲವೂ ಆ ಮೂಲದಿಂದಲೇ ಹುಟ್ಟಿದವು. 4ಕೆಗೆ 1.4 ಸಾಲದು, 2.2 ಬೇಕು ಎಂದು ಪಟ್ಟು ಹಿಡಿಯುವುದರ ಹಿಂದೆ ಇದೂ ಇದೆ.

ಮತ್ತೊಂದು ಉತ್ತರ:

ಮೇಲಿನದರಲ್ಲಿ ‘ಕೇಬಲ್ ಕಾವಲು’ ಒಂದನ್ನು ಒಪ್ಪಲಾರೆ. ಅದನ್ನು ಓದಿದವರು ಮೊದಲು ಮಾಡುವ ಕೆಲಸ ಹೊಸ ಕೇಬಲ್ ಕೊಳ್ಳುವುದು. ಸಾಮಾನ್ಯ ಎಚ್‌ಡಿಎಂಐ ಕೇಬಲಿನಲ್ಲಿ ಕೀಲಿಕೈಯೂ ಇಲ್ಲ, ಚಿಪ್ಪೂ ಇಲ್ಲ, ‘ಎಚ್‌ಡಿಸಿಪಿ 2.2 ಕೇಬಲ್’ ಎಂಬ ಮಾತೇ ತಪ್ಪು. ಕೇಬಲ್ ಕೆಟ್ಟಿದ್ದರೆ ಸಂಕೇತ ಹಾಳಾಗಿ ತಾಳೆ ಮುರಿಯಬಹುದು, ಅಷ್ಟೇ. ತಾಳೆ ನಡೆಯುವುದು ಎರಡು ತುದಿಗಳಲ್ಲಿ, ಮತ್ತು ನಡುವೆ ಸ್ಪ್ಲಿಟರ್, ಡಾಕ್, ರಿಸೀವರ್ ಇದ್ದರೆ ಅವುಗಳಲ್ಲೂ. ಅವುಗಳಲ್ಲಿ ಒಂದು ಎಚ್‌ಡಿಸಿಪಿ 1.4ರದ್ದಾದರೂ 4ಕೆ ನಿಲ್ಲುತ್ತದೆ. ನನ್ನ ಸೂಚನೆ: ‘ಪರದೆ ತಾಳೆ’. ‘ಪರದೆ ತಾಳೆಯಾಗಲಿಲ್ಲ’ ಎಂದರೆ ಬಳಕೆದಾರರ ಕಣ್ಣು ಸರಿಯಾದ ಕಡೆಗೆ ಹೋಗುತ್ತದೆ: ಎರಡನೇ ಮಾನಿಟರ್ ಕಳಚಿ ನೋಡು, ನಡುವಿನ ಪೆಟ್ಟಿಗೆ ತೆಗೆದು ನೇರ ಜೋಡಿಸು, ಟಿವಿಯ ಬೇರೆ ಎಚ್‌ಡಿಎಂಐ ಕಿಂಡಿಗೆ ಬದಲಿಸು. ಹಳೆಯ 4ಕೆ ಟಿವಿಗಳಲ್ಲಿ ಒಂದೋ ಎರಡೋ ಕಿಂಡಿಗೆ ಮಾತ್ರ 2.2 ಇರುವುದುಂಟು. ಎರಡನೇ ಮಾನಿಟರ್ ಕಳಚುವುದನ್ನು ಮರೆಯದೆ ಸೇರಿಸಿ. ಸಿನಿಮಾ ಅದರಲ್ಲಿ ಓಡದಿದ್ದರೂ ಜೋಡಿಸಿದ ಪರದೆಗಳೆಲ್ಲವೂ 2.2 ಆಗಿರಬೇಕೆಂದು ನೆಟ್‌ಫ್ಲಿಕ್ಸ್ ಕೇಳುತ್ತದೆ.

‘ಯಂತ್ರಾಂಶ ಬೆಂಬಲಿಸುವುದಿಲ್ಲ’ ಎಂಬುದನ್ನೂ ಒಡೆದು ಬರೆಯಬೇಕು. ವಿಂಡೋಸ್ ಕಂಪ್ಯೂಟರಿಗೆ ನೆಟ್‌ಫ್ಲಿಕ್ಸ್‌ನ 4ಕೆ ಬಂದದ್ದು 2016ರ ನವೆಂಬರಿನಲ್ಲಿ. ಆಗ ಬೇಕಿದ್ದದ್ದು ಇಂಟೆಲ್‌ನ 7ನೇ ತಲೆಮಾರಿನ ಪ್ರೊಸೆಸರ್ ಮತ್ತು ಎಡ್ಜ್ ಬ್ರೌಸರ್. 10 ಬಿಟ್ ಎಚ್‌ಇವಿಸಿ (ವಿಡಿಯೊ ಕುಗ್ಗಿಸುವ ಒಂದು ವಿಧಾನ) ವಿಡಿಯೊವನ್ನು ಚಿಪ್ಪೇ ಡಿಕೋಡ್ ಮಾಡಬೇಕಿತ್ತು. ವಿಂಡೋಸ್‌ಗೆ ಎಚ್‌ಇವಿಸಿ ವಿಸ್ತರಣೆ ಹಾಕಿಲ್ಲದಿದ್ದರೆ ಉಳಿದೆಲ್ಲ ಸರಿಯಿದ್ದೂ 4ಕೆ ಬರುವುದಿಲ್ಲ. ಇದು ಡಿಕೋಡರ್ ಕೊರತೆ, ಪರವಾನಗಿಯದ್ದಲ್ಲ, ಪರದೆಯದ್ದೂ ಅಲ್ಲ. ಸಂದೇಶ ಮೂರನ್ನೂ ಬೇರೆ ಬೇರೆಯಾಗಿ ಹೇಳಲಿ.

ಇನ್ನು ‘ನವೀಕರಿಸಿ’ ಎಂಬ ಸಲಹೆ. ದಯವಿಟ್ಟು ಅದನ್ನು ತೆಗೆಯಿರಿ, ಕೆಲವೊಮ್ಮೆ ಅದರಿಂದ ನಷ್ಟವೇ ಆಗುತ್ತದೆ. 4ಕೆ ಬ್ಲೂ-ರೇ ಡಿಸ್ಕನ್ನು ಕಂಪ್ಯೂಟರಿನಲ್ಲಿ ಅಧಿಕೃತವಾಗಿ ಓಡಿಸಲು ಇಂಟೆಲ್‌ನ ಎಸ್‌ಜಿಎಕ್ಸ್ ಬೇಕು. ಮೆಮೊರಿಯಲ್ಲಿ ಆಪರೇಟಿಂಗ್ ಸಿಸ್ಟಮ್ ಕೂಡ ಇಣುಕಲಾಗದ ಜಾಗ ಅದು, ಎನ್‌ಕ್ಲೇವ್. ಇದಕ್ಕೆ ‘ಒಳಕೋಣೆ’ ಹೊಂದುತ್ತದೆ. 11ನೇ ತಲೆಮಾರಿನಿಂದ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಇಂಟೆಲ್ ಅದನ್ನು ಕೈಬಿಟ್ಟಿತು. ಡಿಸ್ಕ್ ಓಡುತ್ತಿದ್ದ ಹಳೆಯ ಕಂಪ್ಯೂಟರ್ ಮಾರಿ ಹೊಸದು ತಂದವರಿಗೆ ಡಿಸ್ಕೇ ಓಡದಂತಾಯಿತು. ‘ಹಳೆಯದು’, ‘ಹೊಸದು’ ಎಂಬ ಮಾತುಗಳ ಬದಲು ‘ಒಳಕೋಣೆ ಇರುವ’, ‘ಇಲ್ಲದ’ ಎಂದು ಬರೆಯಿರಿ.

ಕಾನೂನಿನ ಟಿಪ್ಪಣಿಯಲ್ಲಿ ಸರ್ಕಮ್ವೆನ್ಷನ್ (ತಡೆಯನ್ನು ತಪ್ಪಿಸಿ ದಾಟುವುದು) ಬಂದರೆ ‘ತಡೆಯನ್ನು ಬಳಸುವುದು’ ಎಂದು ಬರೆಯಬೇಡಿ. ಸುತ್ತಿ ಹೋಗುವುದಕ್ಕೂ ಉಪಯೋಗಿಸುವುದಕ್ಕೂ ನಮ್ಮಲ್ಲಿ ಒಂದೇ ಧಾತು, ಅರ್ಥ ತಲೆಕೆಳಗಾಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು ಶಿಕ್ಷೆ ಹೇಳುವುದು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಡೆಯನ್ನು ‘ಭೇದಿಸಿದರೆ’: 2 ವರ್ಷದವರೆಗೆ ಸೆರೆವಾಸ ಮತ್ತು ದಂಡ. ಉದ್ದೇಶದ ಮಾತನ್ನು ಬಿಡಬೇಡಿ, ಕಲಮಿನ ತಿರುಳೇ ಅದು.

ತಿದ್ದಿದ ಸಂದೇಶಗಳು:

“ಪರದೆ ತಾಳೆಯಾಗಲಿಲ್ಲ (ಎಚ್‌ಡಿಸಿಪಿ 2.2). ರೆಸಲ್ಯೂಷನ್ ತಗ್ಗಿಸಲಾಗಿದೆ. ಬೇರೆ ಮಾನಿಟರ್ ಜೋಡಿಸಿದ್ದರೆ ಕಳಚಿ ನೋಡಿ.”

“ಈ ಬ್ರೌಸರಿಗೆ 4ಕೆ ಪರವಾನಗಿ ಸಿಗಲಿಲ್ಲ. ಸಾಧನದ ವೈಡ್‌ವೈನ್ ದರ್ಜೆ: 3.”

“ಎಚ್‌ಇವಿಸಿ ಡಿಕೋಡರ್ ಇಲ್ಲ.”